ಎರಡು ಹುಳ, 256 ರಾತ್ರಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಸುಮಾರು 2,280 ವರ್ಷಗಳ ಹಿಂದೆ ಅದರ ಮೇಲೆ ಅಶೋಕನ ಆಜ್ಞೆಯನ್ನು ಕೊರೆದರು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಹತ್ತಿರದ ಸಿದ್ದಾಪುರದಲ್ಲಿ ಒಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇನ್ನೊಂದು, ಹೀಗೆ ಒಂದೇ ತಾಲ್ಲೂಕಿಗೆ ಮೂರು ಶಾಸನ. ಆ ಬರಹದಲ್ಲಿ ಒಂದು ಸಂಖ್ಯೆ ಬರುತ್ತದೆ: 256. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಓದುತ್ತಾರೆ.

ರಾಜ ಹೊರಟ ದಿನ ಅರಮನೆಯ ಉಗ್ರಾಣದಲ್ಲಿ ಎರಡೇ ಎರಡು ಕೆಂಪು ಹಿಟ್ಟುಹುಳ, ಒಂದು ಗಂಡು ಒಂದು ಹೆಣ್ಣು, ಉಳಿದಿದ್ದವು ಅಂದುಕೊಳ್ಳಿ. 256 ರಾತ್ರಿ ಮುಗಿಸಿ ಆತ ಬಾಗಿಲು ತೆಗೆಯುವಾಗ ಅವು ಎಷ್ಟಾಗಿರುತ್ತವೆ?

ಲೆಕ್ಕಕ್ಕೆ ಬೇಕಾದ ಅಂಕಿಯನ್ನು ಬ್ರಿಟಿಷ್ ಕೀಟತಜ್ಞ ಹೋವ್ 1965ರಲ್ಲೇ ಕೊಟ್ಟಿದ್ದಾರೆ. 35 ಡಿಗ್ರಿ ಆಸುಪಾಸಿನ ಸೆಕೆ, ಸಾಕಷ್ಟು ತೇವ, ಬೇಕಾದಷ್ಟು ಹಿಟ್ಟು ಸಿಕ್ಕರೆ ಈ ಹುಳದ ಸಂಸಾರ 28 ದಿನಕ್ಕೆ 70 ಪಟ್ಟು ಬೆಳೆಯಬಲ್ಲದು. ಉದ್ದ ಮೂರೂವರೆ ಮಿಲಿಮೀಟರ್, ತೂಕ ಎರಡು ಮಿಲಿಗ್ರಾಂ. ಅದರ ಮೇಲೆ 70 ಪಟ್ಟು! ಬ್ಯಾಂಕಿನವರು ವರ್ಷಕ್ಕೆ ನೂರಕ್ಕೆ ಏಳು ಕೊಟ್ಟರೆ ನಾವು ಖುಷಿಪಡುತ್ತೇವೆ. ಈ ಹುಳ ತಿಂಗಳಿಗೆ ನೂರಕ್ಕೆ 6,900 ಬಡ್ಡಿ ಕೊಡುತ್ತದೆ.

ಮೊದಲ 28 ದಿನಕ್ಕೆ ಎರಡು ಹೋಗಿ 140. ಯಾರಿಗೂ ಕಾಣುವುದಿಲ್ಲ. ಎರಡನೇ ತಿಂಗಳಿಗೆ 9,800. ಜರಡಿ ಹಿಡಿದವರಿಗೆ ಈಗ ಅನುಮಾನ ಬಂದಿರುತ್ತದೆ. ಮೂರಕ್ಕೆ 6 ಲಕ್ಷ 86 ಸಾವಿರ, ಎಲ್ಲವನ್ನೂ ಗುಡ್ಡೆ ಹಾಕಿ ತೂಗಿದರೂ ಒಂದೂವರೆ ಕಿಲೋ ಇಲ್ಲ. ನಾಲ್ಕಕ್ಕೆ 4 ಕೋಟಿ 80 ಲಕ್ಷ, ಅಂದರೆ 2011ರ ಜನಗಣತಿಯ ಕರ್ನಾಟಕದ ಮುಕ್ಕಾಲು ಪಾಲಿಗೂ ಮೇಲು. ಐದಕ್ಕೆ 336 ಕೋಟಿ: ಭಾರತ ಮತ್ತು ಚೀನಾ ಎರಡರ ಜನರನ್ನು ಕೂಡಿಸಿದರೂ ಹುಳಗಳೇ ಹೆಚ್ಚು. ಇಲ್ಲಿಯವರೆಗೆ ಗೋಡೆಗಳು ತಡೆದುಕೊಂಡಾವು. ಆರನೇ ತಿಂಗಳಿಗೆ 23,529 ಕೋಟಿ 80 ಲಕ್ಷ. ಭೂಮಿಯ ಮೇಲಿರುವ ಪ್ರತಿಯೊಬ್ಬ ಮನುಷ್ಯನ ತಲೆಗೆ 29 ಹುಳ. ತೂಕ 470 ಟನ್, ನಾಲ್ಕು ಟನ್ನಿನ ಆನೆಗಳಾದರೆ 117. ಮೈಸೂರು ದಸರೆಯ 750 ಕಿಲೋ ತೂಕದ ಚಿನ್ನದ ಅಂಬಾರಿಯಂಥವು ಬೇಕಾದರೆ 627. ಮೂತಿಗೆ ಬಾಲ ಸೇರಿಸಿ ಸಾಲು ನಿಲ್ಲಿಸಿದರೆ 8 ಲಕ್ಷ 23 ಸಾವಿರ ಕಿಲೋಮೀಟರ್. ಚಂದ್ರನಲ್ಲಿಗೆ ಹೋಗಿ, ವಾಪಸು ಬಂದು, ಭೂಮಿಗೆ ಒಂದು ಸುತ್ತು ಹಾಕಿದರೂ ಇನ್ನಷ್ಟು ಮಿಗುತ್ತದೆ.

ರಾಜ ಇನ್ನೂ ಬಂದಿಲ್ಲ. ಇನ್ನೂ ಮೂರು ತಿಂಗಳಿದೆ.

ಏಳನೇ ತಿಂಗಳಿಗೆ 16 ಲಕ್ಷ ಕೋಟಿ ದಾಟಿತು, ಎಂಟಕ್ಕೆ 1,153 ಲಕ್ಷ ಕೋಟಿ. 252ನೇ ದಿನ ಒಂಬತ್ತನೇ ಸಲ 70ರಿಂದ ಗುಣಿಸಿದಾಗ 80,707 ಲಕ್ಷ ಕೋಟಿ. ಎಂಟರ ಮುಂದೆ ಹದಿನಾರು ಸೊನ್ನೆ ಹಾಕಿದರೂ ಸ್ವಲ್ಪ ಕಮ್ಮಿಯೇ. ತೂಕ 16 ಕೋಟಿ 14 ಲಕ್ಷ ಟನ್. 2022–23ರಲ್ಲಿ ಇಡೀ ಭಾರತ ಬೆಳೆದ ಆಹಾರಧಾನ್ಯ ಸುಮಾರು 33 ಕೋಟಿ ಟನ್, ಅಂದರೆ ದೇಶದ ಅರ್ಧ ಫಸಲಿನಷ್ಟು ಬರೀ ಹುಳ! ಆನೆಗಳ ಲೆಕ್ಕದಲ್ಲಿ 4 ಕೋಟಿ. 2023ರ ಗಣತಿಯ ಪ್ರಕಾರ ಕರ್ನಾಟಕದ ಕಾಡಾನೆಗಳು 6,395. ಅಂಥ ಆರು ಸಾವಿರದ ಮುನ್ನೂರು ಕರ್ನಾಟಕಗಳನ್ನು ತಂದು ನಿಲ್ಲಿಸಬೇಕು. ಸಾಲಿನ ಉದ್ದ 28,247 ಕೋಟಿ ಕಿಲೋಮೀಟರ್. 1977ರಲ್ಲಿ ಹಾರಿಬಿಟ್ಟ ವೊಯೇಜರ್–1 ಮನುಷ್ಯ ಮಾಡಿದ ವಸ್ತುಗಳಲ್ಲೆಲ್ಲ ಅತಿ ದೂರ ಹೋಗಿರುವುದು, ಸುಮಾರು 2,500 ಕೋಟಿ ಕಿಲೋಮೀಟರ್. ನಮ್ಮ ಹುಳದ ಸಾಲು ಅದರ ಹನ್ನೊಂದು ಪಟ್ಟು.

ಈ ಸಾಲಿನ ಉದ್ದಕ್ಕೂ ಓಡಿ ನೋಡಬೇಕೆಂದರೆ ಅದಕ್ಕೆ ತಕ್ಕ ಗಾಡಿ ಮೊಳಕಾಲ್ಮೂರಿನ ಪಕ್ಕದ ತಾಲ್ಲೂಕು ಚಳ್ಳಕೆರೆಯಲ್ಲೇ ಇಳಿದಿದೆ. ಕುದಾಪುರದ ಬಳಿ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯದ ರನ್‌ವೇ ಮೇಲೆ 2024ರ ಜೂನ್ 23ರಂದು ಇಸ್ರೋದ ರೆಕ್ಕೆಯ ವಾಹನ ‘ಪುಷ್ಪಕ್’ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಅದೇ 320ರಲ್ಲಿ, ಹಗಲೂ ರಾತ್ರಿ ನಿಲ್ಲದೆ ಓಡಿದರೆ, ಹುಳದ ಸಾಲಿನ ಕೊನೆ ಮುಟ್ಟಲು ಒಂದು ಲಕ್ಷ ವರ್ಷ.

ಹಾಗೆಲ್ಲ ಆಗುವುದಿಲ್ಲ, ನಿಜ. ಹಿಟ್ಟು ಮುಗಿಯುತ್ತದೆ, ಜಾಗ ಸಾಲುವುದಿಲ್ಲ, ಕಿಕ್ಕಿರಿದಾಗ ಈ ಹುಳಗಳು ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ. ಆದರೆ ಮೊದಲ ನಾಲ್ಕು ತಿಂಗಳ ಲೆಕ್ಕ ಗೋದಾಮಿನವರಿಗೆ ಚೆನ್ನಾಗಿ ಗೊತ್ತು. ಅಲ್ಲಿಗೇ ಸಾಕು, ದಿವಾಳಿ.

ಕೆಂಪು ಹಿಟ್ಟುಹುಳ ಒಂದೇ ಇದ್ದಿದ್ದರೆ ಚಿಂತೆ ಇರಲಿಲ್ಲ. ಅಲಸಂದೆ, ಹೆಸರುಕಾಳಿಗೆ ತೂತು ಕೊರೆಯುವ ದುಂಬಿ ತಿಂಗಳಿಗೆ 50 ಪಟ್ಟು. ಮೂತಿ ಉದ್ದದ ಅಕ್ಕಿಹುಳ 25 ಪಟ್ಟು. ಕಾಳು ಕೊರಕ 20 ಪಟ್ಟು. ಖಾಪ್ರಾ ದುಂಬಿಗೆ ಹನ್ನೆರಡೂವರೆ ಪಟ್ಟು ಮಾತ್ರ, ಪಾಪ, ನಿಧಾನಸ್ಥ. ಆದರೆ ಅದರ ಮರಿಹುಳ ಗೋಡೆಯ ಬಿರುಕಿನಲ್ಲಿ ಒಂದಗುಳೂ ತಿನ್ನದೆ ವರ್ಷಗಟ್ಟಲೆ ಕಾಯುತ್ತದೆ. ಒಣಹವೆ ಅಂದರೆ ಅದಕ್ಕೆ ಹಬ್ಬ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ಕಾಣದ ಚಳ್ಳಕೆರೆಯಂಥ ಸೀಮೆ ಬೇರೆ ಹುಳಗಳಿಗೆ ಕಷ್ಟ, ಖಾಪ್ರಾಕ್ಕೆ ತವರು.

ಇವುಗಳ ವಂಶಾವಳಿ ನೋಡಿದರೆ ಅಶೋಕ ನಿನ್ನೆ ಮೊನ್ನೆಯವನು. ಜಪಾನಿನ ತಾನೆಗಾಶಿಮಾ ದ್ವೀಪದ ಸುಮಾರು 10,000 ವರ್ಷ ಹಳೆಯ ಮಡಕೆಯ ಮಣ್ಣಿನಲ್ಲಿ ಅಕ್ಕಿಹುಳದ ದಾಯಾದಿಯೊಂದರ ಅಚ್ಚು ಸಿಕ್ಕಿದೆ. ಹೊಕ್ಕೈಡೊದಲ್ಲಿ ಸಿಕ್ಕ ಒಂದೇ ಒಂದು ಮಡಕೆಯ ಮೈಯಲ್ಲಿ ಸುಮಾರು 500 ಹುಳ! ಕುಂಬಾರ ಬೇಕೆಂದೇ ಬೆರೆಸಿದನೋ, ಸಿಟ್ಟಿಗೆ ತುಳಿದನೋ. ತಿಂಗಳಿಗೊಂದು ತಲೆಮಾರು ಅಂದರೂ 10,000 ವರ್ಷಕ್ಕೆ 1 ಲಕ್ಷ 20 ಸಾವಿರ ತಲೆಮಾರು. ಅದೇ ಅವಧಿಯಲ್ಲಿ ಮನುಷ್ಯರದು 400. ನಾವು ಅವುಗಳ ಲೆಕ್ಕ ಸರಿಗಟ್ಟಲು 30 ಲಕ್ಷ ವರ್ಷ ಬೇಕು.

ಅಷ್ಟು ಹಳೆಯ ಶತ್ರುವಿಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಹಗೇವು. ಈಗಿನ ಯಾವ ಯಂತ್ರಕ್ಕಿಂತ ಅದರ ಮೇಲೆ ನನಗೆ ಹೆಚ್ಚು ಗೌರವ. ನೆಲದೊಳಗೆ ಆಳದ ಗುಂಡಿ, ಮೇಲೆ ಒಬ್ಬ ಆಳು ಇಳಿಯುವಷ್ಟೇ ಕಿರಿದಾದ ಬಾಯಿ, ಒಳಸುತ್ತಿಗೆ ಹುಲ್ಲು, ನಡುವೆ ರಾಗಿ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಒಳಗಿನ ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಕೆಲವು ದಿನಗಳಲ್ಲಿ ಆಮ್ಲಜನಕ ತೀರಿ ಅಂಗಾರಾಮ್ಲ ತುಂಬಿಕೊಳ್ಳುತ್ತದೆ. ಹುಳ ತನ್ನ ಉಸಿರಿನಲ್ಲೇ ತಾನು ಸಾಯುತ್ತದೆ. ಖರ್ಚು ಸೊನ್ನೆ ರೂಪಾಯಿ. ಹಗೇವು ತೆಗೆದ ಕೂಡಲೇ ಇಳಿಯಬಾರದು, ಮೊದಲು ದೀಪ ಇಳಿಬಿಟ್ಟು ನೋಡಬೇಕು ಎಂಬ ಕಟ್ಟಳೆ ಅದಕ್ಕೇ. ದೀಪ ಆರಿದರೆ ಕಾಯಬೇಕು. ಕಾಯದೆ ಇಳಿದು ಸತ್ತವರಿದ್ದಾರೆ. ಧೂಮೀಕರಣ ಎಂಬ ದೊಡ್ಡ ಹೆಸರು ಬರುವ ಮೊದಲೇ ಅದು ನಡೆದಿತ್ತು.

ರಾಗಿಯ ಅಂಕಿಯೂ ಮಜವಾಗಿದೆ. ಒಂದು ಕಾಳಿನ ಅಡ್ಡಳತೆ ಒಂದೂವರೆ ಮಿಲಿಮೀಟರ್. ಅಕ್ಕಿಹುಳದ ಉದ್ದ ಮೂರು. ಮನೆಗಿಂತ ಬಾಡಿಗೆದಾರನೇ ಎರಡು ಪಟ್ಟು ದೊಡ್ಡವನಾದರೆ ಸಂಸಾರ ಹೂಡುವುದೆಲ್ಲಿ? ಒಂದು ಕಿಲೋದಲ್ಲಿ ಮೂರೂವರೆ ಲಕ್ಷ ಮನೆ, ಒಂದಕ್ಕೂ ಬಾಡಿಗೆದಾರನಿಲ್ಲ.

ಆದರೆ ದೇಶ ರಾಗಿಯೊಂದರಿಂದ ನಡೆಯುವುದಿಲ್ಲ, ಹಗೇವಿನಲ್ಲಿ 33 ಕೋಟಿ ಟನ್ ಹಿಡಿಯುವುದಿಲ್ಲ. ಕೊಯ್ಲಿನಿಂದ ಉಗ್ರಾಣದವರೆಗೆ ಏಕದಳ ಧಾನ್ಯದಲ್ಲಿ ನೂರಕ್ಕೆ 4.65ರಿಂದ 5.99ರಷ್ಟು ಹಾಳಾಗುತ್ತದೆ ಎಂದು ಲೂಧಿಯಾನದ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ಲೆಕ್ಕ ಹಾಕಿತು. ಹುಳದ್ದೊಂದೇ ಪಾಪವಲ್ಲ, ಸೋರಿದ್ದು, ಮುಗ್ಗಿದ್ದು, ಇಲಿ ತಿಂದದ್ದು ಎಲ್ಲ ಸೇರಿ. ಐದು ಅಂತ ಹಿಡಿದು, 30 ಕೋಟಿ ಟನ್ನಿಗೆ ಒಂದೂವರೆ ಕೋಟಿ ಟನ್. ಹತ್ತು ಟನ್ನಿನ ಲಾರಿ 15 ಲಕ್ಷ. ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ 15,000 ಕಿಲೋಮೀಟರ್. ಭಾರತದ ಭೂಗಡಿಯ ಒಟ್ಟು ಉದ್ದ 15,106. ಪಾಕಿಸ್ತಾನದಿಂದ ಮ್ಯಾನ್ಮಾರ್ ತನಕ ದೇಶದ ಗಡಿಗೆಲ್ಲ ಲಾರಿಯ ಬೇಲಿ, ಪ್ರತಿ ವರ್ಷ!

ಇದಕ್ಕೆ ಈಗಿನ ಮದ್ದು ಮಾತ್ರೆ. ಅಲ್ಯೂಮಿನಿಯಂ ಫಾಸ್ಫೈಡ್‌ನ ಮೂರು ಗ್ರಾಂ ಮಾತ್ರೆಗೆ ಗಾಳಿಯ ತೇವ ತಾಗಿದರೆ ಒಂದು ಗ್ರಾಂ ಫಾಸ್ಫೀನ್ ಅನಿಲ ಹೊರಡುತ್ತದೆ. ತಾಡಪಾಲು ಮುಚ್ಚಿದ ಚೀಲದ ಗುಡ್ಡೆಗೆ ಟನ್ನಿಗೆ ಮೂರು ಮಾತ್ರೆ, ವಾರದ ಕಾಯುವಿಕೆ. ಪರವಾನಗಿ ಇದ್ದವರೇ ಮಾಡಬೇಕಾದ ಕೆಲಸ. ಕೆಲಸಗಾರರಿಗೆ ಬಹುಕಾಲ ಹಾಕಿದ್ದ ಮಿತಿ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 0.3 ಪಾಲು, ಅಂದರೆ ಹತ್ತು ಲಕ್ಷ ರೂಪಾಯಿಯಲ್ಲಿ ಮೂವತ್ತು ಪೈಸೆ.

ಟನ್ ಅಕ್ಕಿಯಲ್ಲಿ ಸುಮಾರು 5 ಕೋಟಿ ಕಾಳು. ಅಷ್ಟಕ್ಕೂ ಸೇರಿ ಮೂರು ಗ್ರಾಂ ಅನಿಲ. ಎಷ್ಟು ಕಡಿಮೆ ಅನ್ನಿಸುತ್ತದೆ, ಅಲ್ಲವೇ? ಅಣುಗಳನ್ನು ಎಣಿಸಿ ನೋಡಿ: 53ರ ಮುಂದೆ ಇಪ್ಪತ್ತೊಂದು ಸೊನ್ನೆ. ಅಶೋಕನ ಉಗ್ರಾಣದ 80,707 ಲಕ್ಷ ಕೋಟಿ ಹುಳಗಳನ್ನು ಕರೆದು ಆ ಮೂರು ಗ್ರಾಮನ್ನು ಸಮನಾಗಿ ಹಂಚಿದರೆ ಒಂದೊಂದು ಹುಳಕ್ಕೂ ಆರೂವರೆ ಲಕ್ಷ ಅಣು ಸಿಗುತ್ತದೆ. 

ಇಷ್ಟಿದ್ದೂ ಹುಳ ಬದುಕಿತು. 1970ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 82 ದೇಶಗಳಿಂದ ಹುಳ ತರಿಸಿ ಪರೀಕ್ಷಿಸಿದಾಗ 33 ದೇಶಗಳ ಹುಳಗಳಲ್ಲಿ ಫಾಸ್ಫೀನ್‌ಗೆ ಜಗ್ಗದವು ಇದ್ದವು. ಭಾರತದಲ್ಲೂ ಅವು ಬಂದು ದಶಕಗಳೇ ಆಗಿವೆ. ಮೈಸೂರಿನಲ್ಲಿ 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ಕೀಟ ವಿಭಾಗ ಇದೇ ಹುಳಗಳ ಬೆನ್ನು ಹತ್ತಿದೆ. ಆಸ್ಟ್ರೇಲಿಯಾದಲ್ಲಿ ಸಿಕ್ಕ ತುಕ್ಕುಬಣ್ಣದ ಕಾಳುದುಂಬಿಯಂತೂ ಮಾಮೂಲಿ ಹುಳಕ್ಕಿಂತ ಸುಮಾರು 1,300 ಪಟ್ಟು ಗಟ್ಟಿ. ಅದನ್ನು ಮಾತ್ರೆಯ ಲೆಕ್ಕಕ್ಕೆ ಇಳಿಸಿ: ಟನ್ನಿಗೆ ಮೂರರ ಬದಲು 3,900 ಮಾತ್ರೆ, ಹನ್ನೊಂದೂ ಮುಕ್ಕಾಲು ಕಿಲೋ. ಯಾವ ಗೋದಾಮಿನವನೂ ಅದಕ್ಕೆ ಒಪ್ಪಲಾರ. ಇನ್ನೊಂದು ಅನಿಲವಿತ್ತು, ಮೀಥೈಲ್ ಬ್ರೋಮೈಡ್. ಓಝೋನ್ ಪದರ ತೂತು ಮಾಡುತ್ತದೆಂದು ಮಾಂಟ್ರಿಯಲ್ ಒಪ್ಪಂದದಡಿ ಮುಂದುವರಿದ ದೇಶಗಳಲ್ಲಿ 2005ಕ್ಕೆ, ನಮ್ಮಂಥ ದೇಶಗಳಲ್ಲಿ 2015ಕ್ಕೆ ಅದರ ಸಾಮಾನ್ಯ ಬಳಕೆ ನಿಂತಿತು. ಗಡಿ ದಾಟುವ ಸರಕಿಗೆ ಮಾತ್ರ ಉಳಿದಿದೆ.

ಹೀಗೆ ಅನಿಲ ಸೋಲುತ್ತಿರುವ ಕಡೆ ಕಿರಣ ಬರುತ್ತದೆ. ಹೊಸದೇನಲ್ಲ, 1916ರಲ್ಲೇ ಅಮೆರಿಕದ ರನ್ನರ್ ಎಂಬ ಕೀಟತಜ್ಞ ತಂಬಾಕಿನ ದುಂಬಿಗೆ ಎಕ್ಸ್–ರೇ ಹಾಯಿಸಿ ಅದರ ಸಂತಾನ ನಿಲ್ಲಿಸಿದ್ದ. ಈಗ ಕೋಬಾಲ್ಟ್–60ರ ಗಾಮಾ ಕಿರಣ. ಹತ್ತು ಲಕ್ಷ ಕ್ಯೂರಿಯ ಒಂದು ಮೂಲದಲ್ಲಿ ಸೆಕೆಂಡಿಗೆ 37,000 ಲಕ್ಷ ಕೋಟಿ ಪರಮಾಣು ಸಿಡಿಯುತ್ತವೆ, ಒಂದೊಂದರಿಂದ ಎರಡು ಗಾಮಾ. ಒಟ್ಟು 74,000 ಲಕ್ಷ ಕೋಟಿ. ಈ ಅಂಕಿ ಎಲ್ಲೋ ಕೇಳಿದಂತಿದೆಯೇ? 256 ರಾತ್ರಿಯ ಹುಳಗಳು 80,707 ಲಕ್ಷ ಕೋಟಿ ಇದ್ದವು! ಎರಡು ಹುಳ ಎಂಟೂವರೆ ತಿಂಗಳು ಬೆವರು ಸುರಿಸಿ ಕಟ್ಟಿದ ಸೈನ್ಯಕ್ಕೆ, ತಲೆಗೊಂದರಂತೆ ಗಾಮಾ ಬಾಣ ಬಿಡಲು ಈ ಕೋಬಾಲ್ಟ್ ಕಡ್ಡಿಗಳಿಗೆ ಸಾಕಾಗುವ ಸಮಯ 1.1 ಸೆಕೆಂಡ್. (ಒಂದು ಬಾಣಕ್ಕೆ ಹುಳ ಸಾಯುವುದಿಲ್ಲ, ಎದೆಯಲ್ಲಿ ಇಟ್ಟುಕೊಂಡೇ ಮದುವೆಯಾಗುತ್ತದೆ. ಲೆಕ್ಕ ಮಾತ್ರ ಸುಂದರ.)

ಭಾರತದ ನಿಯಮದ ಪ್ರಕಾರ ಧಾನ್ಯ, ಬೇಳೆ, ಎಣ್ಣೆಕಾಳುಗಳ ಹುಳ ತೆಗೆಯಲು ಕೊಡಬೇಕಾದದ್ದು 250ರಿಂದ 1,000 ಗ್ರೇ (ಗ್ರೇ ಅಂದರೆ ಹೀರಿಕೊಂಡ ವಿಕಿರಣದ ಅಳತೆ). ಮನುಷ್ಯನ ಇಡೀ ಮೈಗೆ ನಾಲ್ಕೈದು ಗ್ರೇ ಒಮ್ಮೆಲೇ ತಗುಲಿ, ಚಿಕಿತ್ಸೆ ಸಿಗದಿದ್ದರೆ, ನೂರರಲ್ಲಿ ಐವತ್ತು ಮಂದಿ ಉಳಿಯುವುದಿಲ್ಲ. ಚೀಲಕ್ಕೆ ಕನಿಷ್ಠವೇ ಅದರ ಐವತ್ತು ಪಟ್ಟು. ಎದೆಯ ಎಕ್ಸ್–ರೇ ಲೆಕ್ಕದಲ್ಲಿ 250 ಗ್ರೇ ಅಂದರೆ ಸುಮಾರು 25 ಲಕ್ಷ ಎಕ್ಸ್–ರೇ. ಸೆಕೆಂಡಿಗೊಂದರಂತೆ ತೆಗೆಸುತ್ತ ಹೋದರೆ 29 ದಿನ, ರಾತ್ರಿಯೂ ಸೇರಿ. ಇನ್ನೊಂದು ಬಗೆ: ನೆಲ, ಗಾಳಿ, ಆಕಾಶದಿಂದ ನಮಗೆ ಸುಮ್ಮನೆ ತಾಗುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿ ಸೀವರ್ಟ್ (ಗಾಮಾದ ಮಟ್ಟಿಗೆ ಸೀವರ್ಟ್ ಅಂದರೂ ಗ್ರೇ ಅಂದರೂ ಒಂದೇ). ಅಷ್ಟರಿಂದಲೇ 250 ಗ್ರೇ ಕೂಡಿಡಲು ಒಂದು ಲಕ್ಷ ನಾಲ್ಕು ಸಾವಿರ ವರ್ಷ ಬೇಕು. ಬ್ರಹ್ಮಗಿರಿಯ ಶಾಸನದ ವಯಸ್ಸಿನ 45 ಪಟ್ಟು. ಪುಷ್ಪಕ್ ವೇಗದಲ್ಲಿ ಹುಳದ ಸಾಲಿನ ತುದಿ ಮುಟ್ಟುವಷ್ಟೇ ಕಾಲ!

ಒಂದು ಲಕ್ಷ ವರ್ಷದ ವಿಕಿರಣವನ್ನು ಒಂದು ಟನ್ನಿಗೆ ಉಣಿಸಲು ಹತ್ತು ಲಕ್ಷ ಕ್ಯೂರಿಗೆ, ಕಿರಣದ ಮೂರನೇ ಒಂದು ಪಾಲು ಕಾಳಿಗೆ ತಾಗಿದರೂ, ಒಂದು ನಿಮಿಷ ಬೇಡ. ಅನಿಲಕ್ಕೆ ಬೇಕಾದ ಏಳು ದಿನದಲ್ಲಿ 10,080 ನಿಮಿಷಗಳಿವೆ. ಮತ್ತೆ ಇದೆಲ್ಲ ಆದ ಮೇಲೆ ಕಾಳು ಎಷ್ಟು ಬಿಸಿಯಾಗಿರುತ್ತದೆ ಗೊತ್ತೇ? 1,000 ಗ್ರೇ ಕುಡಿದ ನೀರು ಬಿಸಿಯಾಗುವುದು ಒಂದು ಡಿಗ್ರಿಯ ಕಾಲು ಭಾಗ. ಏಪ್ರಿಲ್‌ನ ಚಳ್ಳಕೆರೆ ಬಿಸಿಲಿಗೆ ಒಂದು ಕ್ಷಣ ಇಟ್ಟರೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಕಾಳಿನಲ್ಲಿ ವಿಕಿರಣ ಉಳಿಯುವುದೂ ಇಲ್ಲ.

ಒಡೆಸ್ಸಾ ಬಂದರಿನವರು 1980ರಲ್ಲಿ ಇದನ್ನೇ ಎಲೆಕ್ಟ್ರಾನ್ ಯಂತ್ರದಿಂದ ಮಾಡಿದರು. ಹಡಗಿನಿಂದ ಇಳಿದ ಧಾನ್ಯ ಎರಡು ಯಂತ್ರಗಳ ಕೆಳಗೆ ಗಂಟೆಗೆ 400 ಟನ್ ಹರಿಯುವ ವ್ಯವಸ್ಥೆ. 50 ಕಿಲೋ ಚೀಲವಾದರೆ ಗಂಟೆಗೆ 8,000, ನೀವು ‘ಒಂದು’ ಅನ್ನುವಷ್ಟರಲ್ಲಿ ಎರಡು ಚೀಲ ದಾಟಿರುತ್ತದೆ. ಗೋಧಿಕಾಳಿನ ಲೆಕ್ಕದಲ್ಲಿ ಸೆಕೆಂಡಿಗೆ 27 ಲಕ್ಷ. ಭಾರತದ ಎಲ್ಲರೂ ಒಂದೊಂದು ಕಾಳಾಗಿ ಆ ಸಾಲಿನಲ್ಲಿ ನಿಂತರೆ ಸುಮಾರು ಒಂಬತ್ತು ನಿಮಿಷಕ್ಕೆ ದೇಶ ಖಾಲಿ. ನಮ್ಮಲ್ಲಿ ಕಿರಣದ ಕೆಲಸ ಹೆಚ್ಚಾಗಿ ಮಸಾಲೆಗೆ, ಈರುಳ್ಳಿಗೆ, ಮಾವಿಗೆ. ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥದೊಂದು ಘಟಕವಿದೆ; ಅಮೆರಿಕಕ್ಕೆ ಹೋಗುವ ಮಾವಿಗೆ 400 ಗ್ರೇ ತಿನ್ನಿಸಬೇಕು.

ಇಷ್ಟು ಬಲವಿದ್ದರೆ ಕಿರಣವೊಂದೇ ಸಾಲದೇ? ಸಾಲದು, ಕಾರಣ ತಮಾಷೆಯದು. 250 ಗ್ರೇ ತಿಂದ ದುಂಬಿ ಬಂಜೆಯಾಗುತ್ತದೆ, ಆದರೆ ಅಲ್ಲೇ ಬಿದ್ದು ಸಾಯುವುದಿಲ್ಲ. ದಿನಗಟ್ಟಲೆ, ವಾರಗಟ್ಟಲೆ ಚೀಲದಲ್ಲಿ ಓಡಾಡಿಕೊಂಡಿರುತ್ತದೆ. ಮಂಡಿಗೆ ಬಂದ ವ್ಯಾಪಾರಿ ಚೀಲಕ್ಕೆ ಬಂಬು ಚುಚ್ಚಿ ತೆಗೆದಾಗ ಅಂಗೈ ಮೇಲೆ ಹುಳ ಹರಿದರೆ, ‘ಇದಕ್ಕೆ ಮಕ್ಕಳಾಗುವುದಿಲ್ಲ ಸ್ವಾಮಿ’ ಅಂದರೆ ಕೇಳುತ್ತಾನೆಯೇ? ಬೇಗ ಕೊಲ್ಲಬೇಕೆಂದರೆ 1,000 ಗ್ರೇ ಕಡೆಗೆ ಹೋಗಬೇಕು, ನಾಲ್ಕು ಪಟ್ಟು.

ಇಲ್ಲೇ ಎರಡೂ ಮದ್ದು ಕೈಜೋಡಿಸುವ ಜಾಗ. ಫಾಸ್ಫೀನ್‌ಗೆ ಬೇಗ ಸಾಯುವುದು ಬೆಳೆದ ಹುಳ, ತಪ್ಪಿಸಿಕೊಳ್ಳುವುದು ಮೊಟ್ಟೆ ಮತ್ತು ಕೋಶ. ಕಿರಣಕ್ಕೆ ಎಲ್ಲಕ್ಕಿಂತ ಮೊದಲು ಬೀಳುವುದು ಮೊಟ್ಟೆ, ಎಲ್ಲಕ್ಕಿಂತ ಹೆಚ್ಚು ತಡೆದುಕೊಳ್ಳುವುದು ಬೆಳೆದ ಹುಳ. ಒಂದರ ಕುರುಡು ಇನ್ನೊಂದರ ಕಣ್ಣು! 1972ರಲ್ಲೇ ಅಮೆರಿಕದ ಕಾಗ್‌ಬರ್ನ್ ಮತ್ತು ಗಿಲ್ಲೆನ್‌ವಾಟರ್ ಹಿಟ್ಟುಹುಳದ ಮೇಲೆ ಗಾಮಾ ಮತ್ತು ಅನಿಲ ಎರಡನ್ನೂ ಹಾಯಿಸಿ ನೋಡಿದರು. ಆಮೇಲೆ ಹಲವು ದೇಶಗಳಲ್ಲಿ ಇಂಥ ಪ್ರಯೋಗ ನಡೆದಿದೆ.

ಪ್ರಯೋಗಾಲಯದ ವಿವರ ಬಿಡಿ, ಗುಣಾಕಾರ ನೋಡಿ. ರಫ್ತಿನ ಸರಕಿಗೆ ಕೀಟತಜ್ಞರು ಇಟ್ಟುಕೊಂಡ ಹಳೆಯ ಕಟ್ಟುನಿಟ್ಟಿನ ಗುರಿ ನೂರಕ್ಕೆ 99.9968 ಸಾವು. ಅಂದರೆ ಹತ್ತು ಲಕ್ಷ ಹುಳಕ್ಕೆ 32 ಮಾತ್ರ ಉಳಿಯಬೇಕು. ಒಂದೇ ಮದ್ದಿನಿಂದ ಈ ಗುರಿ ಮುಟ್ಟುವುದು ಪ್ರಾಣಸಂಕಟ. ಎರಡು ಮದ್ದು ಒಂದರ ಹಂಗಿಲ್ಲದೆ ಇನ್ನೊಂದು ಕೆಲಸ ಮಾಡುತ್ತವೆ ಅಂದುಕೊಂಡರೆ, ಒಂದೊಂದೂ ಹತ್ತು ಲಕ್ಷದಲ್ಲಿ 5,657 ಹುಳಗಳನ್ನು ಬಿಟ್ಟರೂ ನಡೆಯುತ್ತದೆ. ಎರಡನ್ನೂ ದಾಟಿ ಬರುವುದು 32 ಅಷ್ಟೇ. 32 ಎಲ್ಲಿ, 5,657 ಎಲ್ಲಿ! ಜೋಡಿಯಾದ ಮಾತ್ರಕ್ಕೆ 177 ಪಟ್ಟು ಸಡಿಲ. ಮೂರನೆಯದೊಂದು ಮದ್ದು ಸೇರಿದರೆ ಒಂದೊಂದೂ ಸುಮಾರು 31,700 ಹುಳ ಬಿಡಬಹುದು, ಹತ್ತಿರ ಹತ್ತಿರ ಸಾವಿರ ಪಟ್ಟು. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಗಣಿತ ನಾನು ಕಂಡಿಲ್ಲ.

(ಅಂದಹಾಗೆ ಆ 32ರಲ್ಲಿ 16 ಜೋಡಿಗಳಿವೆ. ಒಂದು ಜೋಡಿಗೆ 256 ದಿನದಲ್ಲಿ ಏನಾಯಿತೆಂದು ನೋಡಿದ್ದೇವೆ. ಚೀಲ ಮುಚ್ಚಿಡುವುದು ಬಿಟ್ಟು ಬೇರೆ ದಾರಿಯಿಲ್ಲ. ಕಿರಣಕ್ಕಾಗಲಿ ಅನಿಲಕ್ಕಾಗಲಿ ನಾಳೆ ಬರುವ ಹುಳವನ್ನು ತಡೆಯುವ ಶಕ್ತಿಯಿಲ್ಲ.)

ಚಳ್ಳಕೆರೆಗೆ ಈ ಗುಣಾಕಾರ ಬೇರೆಯವರಿಗಿಂತ ಹೆಚ್ಚು ಹೊಂದುತ್ತದೆ. ಎಣ್ಣೆ ವಹಿವಾಟಿನಲ್ಲಿ ಮುಂಬೈ ಬಿಟ್ಟರೆ ನಾವೇ ಎಂದು ಹೇಳಿಕೊಂಡ ಊರು ಇದು. ಸುತ್ತ ಶೇಂಗಾ, ಊರೊಳಗೆ ಗಾಣ, ಮಿಲ್ಲು. ಸಿಪ್ಪೆ ಸುಲಿದ ಶೇಂಗಾ ಬೀಜವೆಂದರೆ ಅದೇ ಕೆಂಪು ಹಿಟ್ಟುಹುಳಕ್ಕೆ ಬಾಯಲ್ಲಿ ನೀರು. ಸಿಪ್ಪೆ ಇದ್ದರೆ ಹುಣಸೆಹಣ್ಣಿನಿಂದ ವಲಸೆ ಬಂದ ಇನ್ನೊಂದು ದುಂಬಿ ಕಾದಿರುತ್ತದೆ. ಟನ್ ಶೇಂಗಾ ಅಂದರೆ ಸುಮಾರು 30 ಲಕ್ಷ ಬೀಜ, 30 ಲಕ್ಷ ತಟ್ಟೆ ಊಟ. ಎಣ್ಣೆಕಾಳಿಗೆ ಕಿರಣ ಅತಿಯಾದರೆ ಕಮಟು ವಾಸನೆ ಬರುತ್ತದೆ; ಹಾಗಾಗಿ 1,000ಕ್ಕಿಂತ 250 ಗ್ರೇ ವಾಸಿ, ಉಳಿದದ್ದನ್ನು ಅನಿಲಕ್ಕೆ ಬಿಡುವುದು ವಾಸಿ. ದೇಶಕ್ಕೆ ಆಹಾರ ವಿಕಿರಣ ಕಲಿಸಿದ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಈ ತಾಲ್ಲೂಕಿನಲ್ಲಿ 1,810 ಎಕರೆ ಇದೆ. ಅದು ಬೇರೆಯೇ ಕೆಲಸಕ್ಕೆ. ಆದರೆ ಇದೇ ಸಂಸ್ಥೆ ಟ್ರಾಂಬೆಯಲ್ಲಿ ಶೇಂಗಾ ಬೀಜಕ್ಕೆ ಎಕ್ಸ್–ರೇ, ಗಾಮಾ ಹಾಯಿಸಿ ಒಂದು ಡಜನ್‌ಗೂ ಹೆಚ್ಚು ಹೊಸ ತಳಿ ಹುಟ್ಟಿಸಿದೆ. ಡಿ.ಆರ್.ಡಿ.ಒ.ಗೆ 4,290, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಸೇರಿದರೆ ಒಟ್ಟು 8,173 ಎಕರೆ ವಿಜ್ಞಾನ, ಅದರ ಸುತ್ತ ಹುಳಕ್ಕೆ ಕಾಯುತ್ತಿರುವ ಶೇಂಗಾ.

ಖರ್ಚಾಗುವ ಶಕ್ತಿ ಎಷ್ಟು? ಒಂದು ಟನ್ ಕಾಳು 250 ಗ್ರೇ ಹೀರಿಕೊಂಡರೆ ಅದರೊಳಗೆ ಇಳಿಯುವುದು ಎರಡೂವರೆ ಲಕ್ಷ ಜೂಲ್. ಲಕ್ಷ ಅಂದ ಕೂಡಲೇ ಹೆದರಬೇಡಿ. ಊಟದ ಭಾಷೆಯಲ್ಲಿ ಅದು 60 ಕ್ಯಾಲೊರಿ. ನೂರು ಗ್ರಾಂ ಶೇಂಗಾದಲ್ಲಿ 567 ಕ್ಯಾಲೊರಿ ಇರುತ್ತದೆ. ಲೆಕ್ಕ ಹಾಕಿದರೆ ಹತ್ತೂವರೆ ಗ್ರಾಂ, ಮೂವತ್ತೆರಡು ಬೀಜ. ಅನಿಲದ ಕಡೆಯಿಂದ ಮೂರು ಮಾತ್ರೆ, ಒಂಬತ್ತು ಗ್ರಾಂ. ಒಂದು ಲಕ್ಷ ವರ್ಷದ ವಿಕಿರಣವನ್ನೂ 53ರ ಮುಂದಿನ ಇಪ್ಪತ್ತೊಂದು ಸೊನ್ನೆಯನ್ನೂ ಒಟ್ಟಿಗೆ ತೂಗಿದರೆ ತಕ್ಕಡಿಯಲ್ಲಿ ಇಪ್ಪತ್ತು ಗ್ರಾಮಿಗೂ ಕಡಿಮೆ. ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ಕೊಳ್ಳುವವನು ರುಚಿ ನೋಡಲೆಂದು ಬಾಯಿಗೆ ಹಾಕಿಕೊಳ್ಳುವುದೇ ಇದಕ್ಕಿಂತ ಹೆಚ್ಚು.